ಸದ್ದಿಲ್ಲದ ಅಳು

ಗ್ಯಾರೇಜಿನಲ್ಲಿ ಅವನನ್ನು ಎಲ್ಲರೂ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಎಂಥ ಹಟಮಾರಿ ಎಂಜಿನ್ನೂ ಅವನ ಮಾತು ಕೇಳುತ್ತಿತ್ತು. ಅಂಥವನು ಈಗ ಆಸ್ಪತ್ರೆಯ ಶಿಶುಗಳ ತೀವ್ರ ನಿಗಾ ಘಟಕದಲ್ಲಿ, ಗಾಜಿನ ಪೆಟ್ಟಿಗೆಯ ಮುಂದೆ, ಕೈಕಾಲು ಆಡದೆ ನಿಂತಿದ್ದ. ಏಳನೇ ತಿಂಗಳಿಗೇ ಹುಟ್ಟಿದ ಮಗಳು ಒಳಗಿದ್ದಳು.

ರಕ್ತಪರೀಕ್ಷೆಗೆಂದು ಹಿಮ್ಮಡಿ ಚುಚ್ಚಿದಾಗ ಮಗುವಿನ ದನಿ ಹೊರಡಲಿಲ್ಲ, ಗಂಟಲಲ್ಲಿ ಉಸಿರಾಟದ ನಳಿಕೆಯಿತ್ತು. ಬಾಯಿ ತೆರೆಯಿತು, ಮುಖ ಕಿವುಚಿತು, ಬೆರಳುಗಳೆಲ್ಲ ಬಿರಿದು ನಿಂತವು.

ಹೆರಿಗೆ ವಾರ್ಡಿನಲ್ಲಿ ಹೆಂಡತಿಯ ಹೊಲಿಗೆ ಇನ್ನೂ ಹಸಿಯಾಗಿತ್ತು. ಮಗುವಿಗೆ ನೋವಾಗುತ್ತದಾ ಎಂದು ಅವಳು ದಿನಾ ಕೇಳುತ್ತಿದ್ದಳು. ಹಾಯಾಗಿ ಮಲಗಿರುತ್ತಾಳೆ ಎಂದು ಅವನು ದಿನಾ ತೇಲಿಸಿಬಿಡುತ್ತಿದ್ದ. ನಾಲ್ಕನೇ ದಿನ ಗಾಲಿಕುರ್ಚಿಯಲ್ಲಿ ಕರೆತಂದಾಗ ಅವಳ ಕಣ್ಣು ಮೊದಲು ಬಿದ್ದದ್ದೇ ನೀಲಿಗಟ್ಟಿದ ಹಿಮ್ಮಡಿಗಳ ಮೇಲೆ.

“ನನ್ನ ಹತ್ರ ಯಾಕೆ ಸುಳ್ಳು ಹೇಳಿದ್ರಿ?”

ತಾನೂ ಅತ್ತುಬಿಟ್ಟರೆ ಅವಳು ಇನ್ನಷ್ಟು ಹೆದರಿಯಾಳೆಂದು ಅವನು ನೆಲ ನೋಡುತ್ತ ನಿಂತ.

ಹಿರಿಯ ನರ್ಸು ನಡುವೆ ಬಂದರು. ನೋವು ಆಗೇ ಆಗುತ್ತದೆ, ಹೇಳಿಕೊಳ್ಳಲು ಬಾರದು ಅಷ್ಟೇ, ಪರೀಕ್ಷೆಯನ್ನಂತೂ ಬಿಡುವಂತಿಲ್ಲ ಎಂದರು. ಆದರೆ ತಾಯಿ ಮಗುವಿನ ನಾಲಿಗೆಗೆ ಎದೆಹಾಲಿನ ಹನಿ ಮುಟ್ಟಿಸಿ, ತಂದೆ ಅದರ ತಲೆಯನ್ನೂ ಮಡಿಸಿದ ಕಾಲುಗಳನ್ನೂ ಅಂಗೈಯಲ್ಲಿ ಹಿಡಿದರೆ ಎಷ್ಟೋ ವಾಸಿಯಂತೆ.

ಅವನು ಮೊಣಕೈವರೆಗೆ ಮೂರು ಸಲ ತೊಳೆದು ಬಂದ. ಆದರೂ ಧೈರ್ಯ ಸಾಲಲಿಲ್ಲ.

“ಸಿಸ್ಟರ್, ನನ್ನ ಕೈ ಎಮರಿ ಪೇಪರ್ ಥರ ಒರಟು.”

“ಸವರೋಕೆ ಹೋಗ್ಬೇಡಿ ಅಣ್ಣಾ, ಸುಮ್ನೆ ಹಿಡ್ಕೊಳ್ಳಿ. ಅವಳಿಗೆ ಬೇಕಾಗಿರೋದು ಬಿಸಿ.”

ಸೂಜಿ ತಾಗಿತು. ಅಂಗೈಯೊಳಗೆ ಪುಟ್ಟ ಮೈ ಜಗ್ಗಿದ್ದು ಅವನಿಗೆ ತಿಳಿಯಿತು. ಮುಖ ಕಿವುಚಿದರೂ ಈ ಸಲ ಬೆರಳುಗಳು ಬಿರಿಯಲಿಲ್ಲ. ಸ್ವಲ್ಪ ಹೊತ್ತಿಗೆ ಅವಳ ಉಸಿರು ಹದಕ್ಕೆ ಬಂತು, ಅವನದು ಬರಲಿಲ್ಲ. ಹೆಂಡತಿ ಅವನ ಬೆನ್ನಿಗೆ ಹಣೆಯಾನಿಸಿದಳು.

ಏಳು ವಾರ ಒಂದೇ ಒಂದು ಬೆಳಗಿನ ಪರೀಕ್ಷೆಯನ್ನೂ ಅವರು ತಪ್ಪಿಸಲಿಲ್ಲ. ಮಗಳು ಗೆದ್ದು ಮನೆಗೆ ಬಂದಳು. ಆದರೆ ಯಾರಾದರೂ ಪಾದ ಮುಟ್ಟಿದರೆ ಸಾಕು, ಬೆಚ್ಚಿ ಕಾಲೆಳೆದುಕೊಂಡು ಅಳುತ್ತಿದ್ದಳು. ಇದು ಹೋಗುತ್ತದಾ ಎಂದು ಡಾಕ್ಟರನ್ನು ಕೇಳಿದರು. ಹೋಗಬಹುದು, ಕಾದು ನೋಡೋಣ ಎಂದರು ಅವರು. ಆ ‘ಬಹುದು’ ಗಂಡಹೆಂಡಿರಿಬ್ಬರ ಎದೆಯಲ್ಲೂ ಮುಳ್ಳಿನಂತೆ ಕೂತಿತು.

ಕಾಲುಚೀಲ ಹಾಕುವ ಕೆಲಸ ಅವನದಾಯಿತು. ಪಾದ ಹಿಡಿಯುವುದು, ಅವಳು ಎಳೆದುಕೊಂಡರೆ ಬಿಡುವುದು, ಸಮಾಧಾನವಾದ ಮೇಲೆ ಮತ್ತೆ ಹಿಡಿಯುವುದು. ಎಷ್ಟೋ ಬೆಳಿಗ್ಗೆ ಒಂದು ಕಾಲಿಗೆ ಹಾಕುವಷ್ಟರಲ್ಲೇ ಗ್ಯಾರೇಜಿಗೆ ಹೊತ್ತಾಗಿಬಿಡುತ್ತಿತ್ತು.