ಕ್ರೆಪ್ನರ್ ಅವರ ಇನ್ನೂರ ಹನ್ನೆರಡನೆಯ ಬೆಸುಗೆ

ಎವಾಲ್ಡ್ ಕ್ರೆಪ್ನರ್ ಕೆಲಸದ ಹೊತ್ತಿನಲ್ಲಿ ಯಾರ ಕೈಯನ್ನೂ ಕುಲುಕುತ್ತಿರಲಿಲ್ಲ. ಬೆಳಿಗ್ಗೆ ಎದುರಾದವರ ಕೈ ಕುಲುಕದಿದ್ದರೆ ಏನಾದರೂ ಜಗಳವೇ ಎಂದು ವಿಚಾರಿಸುವ ಊರು ನಮ್ಮದು. ಅಂಥ ಊರಿನಲ್ಲಿ ಅವರು ಮೂವತ್ತೊಂದು ವರ್ಷ, ಬಂದವರಿಗೆಲ್ಲ ತೋಳಿನ ಮುಂಭಾಗವನ್ನು ಮುಂದೆ ಚಾಚಿದರು. ಗೊತ್ತಿದ್ದವರು ಆ ತೋಳನ್ನೇ ಹಿಡಿದು ಅಲ್ಲಾಡಿಸುತ್ತಿದ್ದರು. ಗೊತ್ತಿಲ್ಲದವರು, ಪಾಪ ಕೈಗೆ ಏನೋ ಆಗಿದೆ ಎಂದುಕೊಂಡು ಸುಮ್ಮನಾಗುತ್ತಿದ್ದರು. ಕೈಗೆ ಏನೂ ಆಗಿರಲಿಲ್ಲ. ಬೇರೆಯವರ ಕೈಯ ಜಿಡ್ಡು ತಮ್ಮ ಕೈಗೆ ಬರಬಾರದು, ಅಷ್ಟೆ. ನಾವೆಲ್ಲ ಕೆಲಸ ಮುಗಿದ ಮೇಲೆ ಕೈ ತೊಳೆದರೆ, ಅವರು ಕೆಲಸಕ್ಕೆ ಮೊದಲು ತೊಳೆಯುತ್ತಿದ್ದರು. ಆಮೇಲೆ ಕೈಗವಸು ಬೇರೆ.

ವಿಶ್ವವಿದ್ಯಾಲಯದ ಭೌತಶಾಸ್ತ್ರ ಸಂಸ್ಥೆಯ ನೆಲಮಾಳಿಗೆಯಲ್ಲಿ ಅವರ ಕಾರ್ಯಾಗಾರ. ಪಕ್ಕದ ಕೋಣೆಯಲ್ಲಿ ವೈರು ಬೆಸೆಯುವವನು ನಾನು. ಮಹಡಿಯ ಮೇಲೆ ನಡೆಯುತ್ತಿದ್ದ ಪ್ರಯೋಗ ಇಷ್ಟು: ಅಂಗಿಯ ಗುಂಡಿಯಷ್ಟು ಅಗಲದ ಬೆಳ್ಳಿಯ ಹರಳನ್ನು ಉಕ್ಕಿನ ಹಂಡೆಯೊಳಗಿಟ್ಟು, ಗಾಳಿಯನ್ನೆಲ್ಲ ಹೀರಿ ತೆಗೆದು, ಹರಳಿನ ಮೈಮೇಲೆ ನೇರಳಾತೀತ ಬೆಳಕು ಬೀಳಿಸುವುದು. ಬೆಳಕಿನ ಏಟಿಗೆ ಬೆಳ್ಳಿಯಿಂದ ಎಲೆಕ್ಟ್ರಾನುಗಳು ಹಾರಿ ಬರುತ್ತವೆ. ಯಾವುದು ಯಾವ ದಿಕ್ಕಿಗೆ ಎಷ್ಟು ವೇಗದಲ್ಲಿ ಬಂತೆಂದು ಹಿಡಿದು ನೋಡಿದರೆ, ಲೋಹದೊಳಗೆ ಅವು ಹೇಗೆ ಬಾಳಿಕೊಂಡಿದ್ದವು ಎಂಬುದು ತಿಳಿಯುತ್ತದೆ. ಹರಳಿನ ಮೇಲೆ ಒಂದೇ ಅಣುವಿನ ದಪ್ಪಕ್ಕೆ ಕೊಳೆ ಕೂತರೂ ಸಾಕು, ಬರುವುದು ಬೆಳ್ಳಿಯ ಸುದ್ದಿಯಲ್ಲ, ಕೊಳೆಯ ಸುದ್ದಿ. ಆದ್ದರಿಂದ ಹಂಡೆಯೊಳಗೆ ಏನೂ ಇರಬಾರದು. ಈ ‘ಏನೂ ಇಲ್ಲ’ವನ್ನು ಕಾಪಾಡುವುದೇ ಕ್ರೆಪ್ನರ್ ಅವರ ವೃತ್ತಿ. ಹಂಡೆಗಳ ಉಕ್ಕನ್ನು ಬೆಸೆಯುವವರು ಅವರು. ಬೆಸುಗೆ ಮಾಡಿದ ಹಂಡೆ ಬೇಕಾದ ನಿರ್ವಾತವನ್ನು ಹಿಡಿದು ನಿಂತ ಮೇಲೆ, ಅದರ ಅಡಿಗೆ ನುಸುಳಿ ಬೆಸುಗೆಯ ಪಕ್ಕ ಸೂಜಿಯಿಂದ ಒಂದು ಸಂಖ್ಯೆ ಗೀರುತ್ತಿದ್ದರು. ಹಿಡಿಯುವ ತನಕ ಸಂಖ್ಯೆಯಿಲ್ಲ. ಇನ್ನೂರ ಹನ್ನೊಂದು ಬೆಸುಗೆಗಳಲ್ಲಿ ಒಂದೂ ಸೋರಿರಲಿಲ್ಲ.

ಇನ್ನೂರ ಹನ್ನೆರಡನೆಯದು ಅವರ ನಿವೃತ್ತಿಯ ತಿಂಗಳಲ್ಲಿ ಬಂತು.

ಹಂಡೆಯನ್ನು ಮುಚ್ಚಿ, ಅಲ್ಯೂಮಿನಿಯಂ ಹಾಳೆ ಸುತ್ತಿ, ಒಳಗಿನ ತೇವ ಹೋಗಲೆಂದು ಎರಡು ದಿನ ಕಾಯಿಸಿ, ಆರಿಸಿದರು. ಒತ್ತಡದ ಮುಳ್ಳು ಮೈನಸ್ ಹತ್ತಕ್ಕೆ ಇಳಿಯಬೇಕಿತ್ತು. ಮೈನಸ್ ಎಂಟಕ್ಕೆ ಬಂದು ಕೂತುಬಿಟ್ಟಿತು. ಒಂದೊಂದು ಮೆಟ್ಟಿಲೂ ಹತ್ತು ಪಟ್ಟು. ಅಂದರೆ ಇರಬೇಕಾದ್ದಕ್ಕಿಂತ ನೂರು ಪಟ್ಟು ಅನಿಲ ಒಳಗಿತ್ತು.

ಪ್ರೊಫೆಸರ್ ಫೋಲ್ಕ್‌ಮಾರ್ ಆರೆಂಡ್ಸನ್ ಬಂದು ನೋಡಿದರು. ಅವರ ಹೆಸರಿನ ಹಿಂದೆ ಎರಡು ಡಾಕ್ಟರ್ ಇದ್ದವು. ಒಂದನ್ನು ಅವರು ಓದಿ ಪಡೆದಿದ್ದರು, ಇನ್ನೊಂದನ್ನು ಯಾವುದೋ ಊರಿನವರು ಕರೆದು ಊಟ ಹಾಕಿ ಕೊಟ್ಟಿದ್ದರು. ಎರಡನೆಯದನ್ನು ಬಿಟ್ಟು ವಿಳಾಸ ಬರೆದ ಪತ್ರವನ್ನು ಅವರು ಒಡೆಯುತ್ತಲೇ ಇರಲಿಲ್ಲ.

“ಸೋರ್ತಿದೆ, ಹೆರ್ ಕ್ರೆಪ್ನರ್,” ಎಂದರು, ಮರ್ಯಾದೆಯ ‘ಹೆರ್’ ಬಿಡದೆ.

“ಇಲ್ಲ ಹೆರ್ ಪ್ರೊಫೆಸರ್, ಸೋರ್ತಿಲ್ಲ.”

“ವಯಸ್ಸಾದ್ಮೇಲೆ ಕೈ ಸ್ವಲ್ಪ ನಡುಗೋದು ಸಹಜ. ಅದರಲ್ಲಿ ನಾಚಿಕೆ ಏನಿಲ್ಲ.”

ಕ್ರೆಪ್ನರ್ ತಮ್ಮ ಕೈಯನ್ನು ಮುಂದೆ ಹಿಡಿದು ತಾವೇ ನೋಡಿಕೊಂಡರು. ನಡುಗುತ್ತಿರಲಿಲ್ಲ. ಹೀಲಿಯಂ ಕೊಳವೆ ತಂದು ಬೆಸುಗೆಯ ಉದ್ದಕ್ಕೂ ಊದಿದರು. ಸೂಜಿಮೊನೆಯ ಸಾವಿರದ ಒಂದು ಪಾಲಿನಷ್ಟು ತೂತಿದ್ದರೂ ಹೀಲಿಯಂ ಒಳಗೆ ನುಗ್ಗುತ್ತದೆ, ಹಂಡೆಗೆ ಜೋಡಿಸಿದ ಸೋರಿಕೆ ಹಿಡಿಯುವ ಯಂತ್ರ ಕಿರುಚುತ್ತದೆ. ಯಂತ್ರ ತೆಪ್ಪಗಿತ್ತು.

“ಬಹಳ ಸಣ್ಣ ತೂತು. ಹೀಲಿಯಂಗೂ ಸಿಗದಂಥದ್ದು,” ಎಂದರು ಪ್ರೊಫೆಸರ್.

“ಹೀಲಿಯಂಗೆ ಸಿಗದ ತೂತಲ್ಲಿ ಗಾಳಿ ಹೇಗೆ ತೂರುತ್ತೆ, ಹೆರ್ ಪ್ರೊಫೆಸರ್?” ಎಂದು ಕೇಳಿದವಳು ಇರ್ಮಿ. ಆ ಹಂಡೆಯ ಪ್ರಯೋಗದ ಮೇಲೆ ಡಾಕ್ಟರೇಟ್ ಮಾಡುತ್ತಿದ್ದ ಹುಡುಗಿ.

“ಅದು ಸಂಶೋಧನೆಯ ವಿಷಯ,” ಎಂದು ಪ್ರೊಫೆಸರ್ ತೀರ್ಪು ಕೊಟ್ಟರು. “ಮುಂದಿನ ಸೋಮವಾರ ಹೊರಗಿನ ಕಂಪನಿಯವರು ಬಂದು ಈ ಬೆಸುಗೆ ಕತ್ತರಿಸಿ ಹೊಸದಾಗಿ ಹಾಕ್ತಾರೆ.”

ಅದಕ್ಕೂ ಮೊದಲು, ಆ ವಾರದ ಶುಕ್ರವಾರವೇ, ಕ್ರೆಪ್ನರ್ ಅವರ ಬೀಳ್ಕೊಡುಗೆ. ನಮ್ಮಲ್ಲಿ ಹೋಗುವವನೇ ಉಳಿಯುವವರಿಗೆ ಊಟ ಹಾಕಬೇಕು. ನಲವತ್ತು ಜನಕ್ಕೆ ಬಿಸಿ ಲೇಬರ್‌ಕೇಸ್ ಮಾಂಸದ ಹೋಳು, ಆಲೂಗಡ್ಡೆ ಸಲಾಡ್ ಎಂದು ಕಟುಕನಿಗೆ ಅವರು ಆಗಲೇ ಹೇಳಿಟ್ಟಿದ್ದರು.

“ಸಲಾಡ್ ನಾನು ಕಳಿಸ್ತೀನಿ, ನೀವು ತಿನ್ನಿ,” ಎಂದರು ನನ್ನ ಹತ್ತಿರ. “ಸಂಖ್ಯೆ ಗೀರದ ಬೆಸುಗೆ ಬಿಟ್ಟು ನಾನು ಭಾಷಣ ಕೇಳೋಕೆ ಬರಲ್ಲ.”

“ಹೆಂಡತಿಗೇನು ಹೇಳ್ತೀರಿ?”

“ಸಂಖ್ಯೆ ಗೀರದೆ ಹೋಗ್ಬೇಡಿ ಅಂತ ಅವಳೂ ಅಂದಳು.”

ಆ ದಿನ, ಸೋಮವಾರ, ಸಂಜೆಯೇ ಇರ್ಮಿ ಹಂಡೆಯೊಳಗೆ ಉಳಿದ ಅನಿಲವನ್ನು ತೂಕದ ಪ್ರಕಾರ ಬೇರ್ಪಡಿಸುವ ಯಂತ್ರ ಓಡಿಸಿ, ಪೆನ್ನು ಗೀಚಿದ ಉದ್ದನೆಯ ಕಾಗದವನ್ನು ನೆಲಮಾಳಿಗೆಗೆ ತಂದಳು.

“ಹೆರ್ ಕ್ರೆಪ್ನರ್, ನೋಡಿ. ಗಾಳಿ ನುಗ್ಗಿದ್ರೆ ಸಾರಜನಕದ ಇಪ್ಪತ್ತೆಂಟರಲ್ಲಿ, ಆಮ್ಲಜನಕದ ಮೂವತ್ತೆರಡರಲ್ಲಿ ಉದ್ದುದ್ದ ಗೆರೆ ಏಳ್ಬೇಕಿತ್ತು. ಆಮ್ಲಜನಕವೇ ಇಲ್ಲ. ಬರೀ ನಲವತ್ತೊಂದು, ನಲವತ್ತಮೂರು, ಐವತ್ತೈದು, ಐವತ್ತೇಳು.”

ಕ್ರೆಪ್ನರ್ ಕನ್ನಡಕ ಏರಿಸಿದರು. “ಜಿಡ್ಡು, ಹುಡುಗೀ. ಯಾರೋ ಬರಿಗೈಲಿ ಮುಟ್ಟಿದ್ದಾರೆ.”

“ನಾನಲ್ಲ! ಎರಡೆರಡು ಕೈಗವಸು ಹಾಕಿದ್ದೆ.”

“ನೀನಲ್ಲ ಅಂತ ಗೊತ್ತು. ನೀನು ಕಾಫಿ ಕುಡಿಯುವಾಗಲೂ ಅದನ್ನು ಬಿಚ್ಚಲ್ಲ.”

ಹಾಗಾದರೆ ಯಾರು? ಹಂಡೆ ಮುಚ್ಚಿದ ದಿನ ಕಾರ್ಯಾಗಾರಕ್ಕೆ ಹೊರಗಿನವರು ಬಂದದ್ದನ್ನು ನಾವು ಯಾರೂ ನೋಡಿರಲಿಲ್ಲ. ಬೆಳಿಗ್ಗೆ ಒಂಬತ್ತರಿಂದ ಒಂಬತ್ತೂಕಾಲರವರೆಗೆ ಮಾತ್ರ ಅಲ್ಲಿ ಯಾರೂ ಇರಲಿಲ್ಲ, ಏಕೆಂದರೆ ಅದು ನಮ್ಮ ಎರಡನೆಯ ತಿಂಡಿಯ ಹೊತ್ತು. ಆ ಕಾಲು ಗಂಟೆಯಲ್ಲಿ ಕಟ್ಟಡಕ್ಕೆ ಬೆಂಕಿ ಬಿದ್ದರೂ ಮೊದಲು ಸಾಸಿವೆ ಡಬ್ಬಿಯ ಮುಚ್ಚಳ ಹಾಕಿ, ಆಮೇಲೆ ಏಳುವವರು ನಾವು. ಇರ್ಮಿಯೂ ನಮ್ಮ ಜೊತೆಗೇ ಕೂತಿದ್ದಳು. ಪ್ರೊಫೆಸರ್ ಸಮುದ್ರದ ಕಡೆಯವರು, ಅಲ್ಲಿ ಈ ಪದ್ಧತಿಯಿಲ್ಲ. ನಮ್ಮ ಈ ತಿಂಡಿಯನ್ನು ಅವರು ಹನ್ನೆರಡು ವರ್ಷದಿಂದ ಕ್ಷಮಿಸಿರಲಿಲ್ಲ.

ಉತ್ತರ ಮೊದಲ ಮಹಡಿಯ ಸೂಚನಾ ಫಲಕದ ಮೇಲೇ ಇತ್ತು. ಮೂರು ನಾಲ್ಕು ದಿನದಿಂದ ನಾವೆಲ್ಲ ಅದರ ಮುಂದೆಯೇ ಓಡಾಡುತ್ತಿದ್ದೆವು. ಸ್ಥಳೀಯ ಪತ್ರಿಕೆಯ ಅರ್ಧ ಪುಟ, ಪ್ರೊಫೆಸರರೇ ಸ್ವಂತ ಕೈಯಿಂದ ನಾಲ್ಕು ಪಿನ್ನು ಚುಚ್ಚಿದ್ದು. ‘ಬೆಳಕಿನಿಂದ ಲೋಹವನ್ನು ಮಾತಾಡಿಸುವ ಮನುಷ್ಯ’ ಎಂಬ ಶೀರ್ಷಿಕೆ. ಫೋಟೋದಲ್ಲಿ ಪ್ರೊಫೆಸರ್ ನಮ್ಮ ಕಾರ್ಯಾಗಾರದಲ್ಲಿ ನಿಂತು, ಹರಳು ಕೂರಿಸುವ ಉಕ್ಕಿನ ಹಿಡಿಕೆಯನ್ನು ಎತ್ತಿ ಹಿಡಿದು ದೂರ ನೋಡುತ್ತಿದ್ದಾರೆ. ಬಲಗೈಯ ಹೆಬ್ಬೆರಳು ಹಿಡಿಕೆಯ ಮೇಲೆ, ಬರಿದು. ಎಡಗೈಯಲ್ಲಿ ಅರ್ಧ ತಿಂದ, ಬೆಣ್ಣೆ ಸವರಿದ ಬ್ರೆಟ್ಸೆಲ್ ಬ್ರೆಡ್ಡು. ಹಿಂದಿನ ಗೋಡೆ ಗಡಿಯಾರದಲ್ಲಿ ಒಂಬತ್ತು ಗಂಟೆ ಹತ್ತು ನಿಮಿಷ, ಪಕ್ಕದ ಕ್ಯಾಲೆಂಡರಿನಲ್ಲಿ ಹಂಡೆ ಮುಚ್ಚಿದ ದಿನದ ತಾರೀಖು.

ಇರ್ಮಿ ಬಾಯಿಗೆ ಕೈ ಅಡ್ಡ ಹಿಡಿದಳು. “ಈಗಲೇ ಹೋಗಿ ಹೇಳೋಣ!”

“ಏನಂತ? ನಿನಗೆ ಡಾಕ್ಟರೇಟ್ ಬೇಕೋ ಬೇಡ್ವೋ?” ಎಂದರು ಕ್ರೆಪ್ನರ್. “ಅವರು ಕಣ್ಣಿರೋ ಮನುಷ್ಯ. ತೋರಿಸಿದ್ರೆ ಸಾಕು.”

ಮಂಗಳವಾರ ಬೆಳಿಗ್ಗೆ ಅವರು ತೊಳೆದ ಅಂಗಿ ಹಾಕಿಕೊಂಡು ಪ್ರೊಫೆಸರರ ಕೋಣೆಗೆ ಹೋದರು. ನಾನು ದೀಪ ಸರಿಮಾಡುವ ನೆಪದಲ್ಲಿ ಏಣಿಯ ಮೇಲಿದ್ದೆ.

“ಹೆರ್ ಪ್ರೊಫೆಸರ್, ಪೇಪರಲ್ಲಿ ಬಂದ ನಿಮ್ಮ ಫೋಟೋ. ಹೋಗುವ ಮುಂಚೆ ನೆನಪಿಗೆ ಒಂದು ಪ್ರತಿ ಸಿಗುತ್ತಾ?”

ಪ್ರೊಫೆಸರರ ಮುಖ ಅರಳಿತು. “ಧಾರಾಳವಾಗಿ! ಮೂಲ ಫೋಟೋನೇ ಇದೆ, ದೊಡ್ಡದು. ಕೈಗವಸು ಹಾಕ್ಕೊಳ್ಳಿ ಅಂದ ಆ ಫೋಟೋದವನು. ನಾನು ಒಪ್ಪಲಿಲ್ಲ. ಹಾಕ್ಕೊಂಡ್ರೆ ಪಾತ್ರೆ ತೊಳೆಯೋನ ಥರ ಕಾಣ್ತೀನಿ ಅಂ…”

ಮೇಜಿನ ಮೇಲೆ ಕ್ರೆಪ್ನರ್ ಇರ್ಮಿಯ ಉದ್ದ ಕಾಗದವನ್ನು, ಏನೋ ಮರೆತಿಟ್ಟವರ ಹಾಗೆ, ಬಿಡಿಸಿ ಇಟ್ಟಿದ್ದರು. ಪ್ರೊಫೆಸರ್ ಕಾಗದ ನೋಡಿದರು, ಫೋಟೋ ನೋಡಿದರು, ತಮ್ಮ ಹೆಬ್ಬೆರಳು ನೋಡಿದರು. ಏನೇ ಹೇಳಿ, ಜಿಡ್ಡಿನ ಗೆರೆ ಓದಲು ಅವರಿಗೆ ಯಾರೂ ಕಲಿಸಬೇಕಿರಲಿಲ್ಲ.

“ಹಿಡಿಕೆ ಹೊರಗೆ ತೆಗೀರಿ,” ಎಂದರು ಕೊನೆಗೆ, ಸಣ್ಣ ದನಿಯಲ್ಲಿ. “ಆ ಕಂಪನಿಯವರಿಗೆ ಬರೋದು ಬೇಡ ಅಂತ ಹೇಳಿ.”

ಅದೇ ಮಧ್ಯಾಹ್ನ ಹಂಡೆ ತೆರೆಯಿತು. ಹಿಡಿಕೆಯನ್ನು ಅಸಿಟೋನಿನಲ್ಲೂ ಆಲ್ಕೊಹಾಲಿನಲ್ಲೂ ತೊಳೆದವರು ಸ್ವತಃ ಪ್ರೊಫೆಸರ್, ಕೈಗವಸು ಹಾಕಿಕೊಂಡು. ನಿಜಕ್ಕೂ ಪಾತ್ರೆ ತೊಳೆಯುವವರ ಹಾಗೆಯೇ ಕಾಣುತ್ತಿದ್ದರು. ಮತ್ತೆ ಹಾಳೆ ಸುತ್ತಿ ಗುರುವಾರದವರೆಗೆ ಕಾಯಿಸಿದರು. ಸೂಚನಾ ಫಲಕದಲ್ಲಿ ಅಷ್ಟರಲ್ಲಿ ನಾಲ್ಕು ಪಿನ್ನುಗಳು ಮಾತ್ರ ಉಳಿದಿದ್ದವು.

ಶುಕ್ರವಾರ ಹತ್ತು ಗಂಟೆಯಾದರೂ ಕ್ರೆಪ್ನರ್ ಹಂಡೆಯ ಮುಂದಿನ ಸ್ಟೂಲು ಬಿಟ್ಟು ಕದಲಲಿಲ್ಲ. ಮೇಲೆ ಸಭಾಂಗಣದಲ್ಲಿ ಲೇಬರ್‌ಕೇಸ್ ಆರುತ್ತಿತ್ತು. ಮುಳ್ಳು ಮೈನಸ್ ಒಂಬತ್ತು ದಾಟಿ ತನ್ನ ಪಾಡಿಗೆ ಇಳಿಯುತ್ತಿತ್ತು. ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಇರ್ಮಿ ಕೂಗಿದಳು:

“ಮೈನಸ್ ಹತ್ತು!”

“ಕಿರುಚಬೇಡ, ಹೆದರಿ ಮೇಲೆ ಹತ್ತೀತು,” ಎನ್ನುತ್ತ ಕ್ರೆಪ್ನರ್ ಒಳ್ಳೆಯ ಕೋಟು ಹಾಕಿಕೊಂಡೇ ಹಂಡೆಯ ಅಡಿಗೆ ನುಸುಳಿದರು. ಸೂಜಿ ಉಕ್ಕನ್ನು ಗೀರುವ ಸದ್ದು ಮೂರು ಸಲ ಕೇಳಿಸಿತು. ಎರಡು, ಒಂದು, ಎರಡು.

ಪ್ರೊಫೆಸರರ ಭಾಷಣ ಎಂದಿನಂತೆ ಉದ್ದವಾಗಿತ್ತು, ಆದರೆ ಬೆಸುಗೆಯ ಮಾತು ಬರಲಿಲ್ಲ. ತಪ್ಪಾಯಿತು ಎಂಬ ಮಾತೂ ಬರಲಿಲ್ಲ. ಅದು ಯಾವ ಡಾಕ್ಟರೇಟಿನಲ್ಲೂ ಕಲಿಸದ ವಿಷಯ. ಭಾಷಣ ಮುಗಿದಾಗ ಕ್ರೆಪ್ನರ್ ಎದ್ದು ಹೋಗಿ, ಮೂವತ್ತೊಂದು ವರ್ಷದಲ್ಲಿ ಮೊದಲ ಸಲ, ಸಂಸ್ಥೆಯ ಸೂರಿನಡಿಯಲ್ಲಿ ಬರಿಗೈ ಚಾಚಿದರು. ಇನ್ನು ಮೇಲೆ ಅವರ ಕೈಯ ಜಿಡ್ಡಿನಿಂದ ಯಾವ ಹಂಡೆಗೂ ಅಪಾಯವಿರಲಿಲ್ಲ.

ಪ್ರೊಫೆಸರ್ ಆ ಕೈಯನ್ನು ನೋಡಿದರು. ತಮ್ಮ ಬಲಗೈಯನ್ನು ನೋಡಿಕೊಂಡರು, ಲೇಬರ್‌ಕೇಸ್ ತಿಂದದ್ದು. ಆಮೇಲೆ ಕೋಟಿನ ತೋಳನ್ನು ಸ್ವಲ್ಪ ಮೇಲೆ ಸರಿಸಿ, ತೋಳಿನ ಮುಂಭಾಗವನ್ನು ಮುಂದೆ ಚಾಚಿದರು.

ಕ್ರೆಪ್ನರ್ ಅದನ್ನು ಎರಡೂ ಕೈಯಲ್ಲಿ ಹಿಡಿದು ಚೆನ್ನಾಗಿ ಅಲ್ಲಾಡಿಸಿದರು.