ನನ್ನ ಬಾಜೂ ಕೂತಾಕಿ

ಮೊನ್ನೆ ಆಯುರ್ವೇದದ ಅಂಗಡಿಯಲ್ಲಿ ಯಾರಿಗೋ ಬಾವಂಚಿ ಎಣ್ಣೆ ಅಳೆದುಕೊಡುತ್ತಿದ್ದರು. ಆ ಕಹಿ ಘಾಟು ಮೂಗಿಗೆ ಬಡಿದದ್ದೇ ತಡ, ಮಂಡಿನೋವಿಗೆ ಔಷಧಿ ಕೇಳಲು ಹೋದದ್ದೇ ಮರೆತುಹೋಯಿತು...

ಅರವತ್ತರ ದಶಕದ ಆರಂಭ. ಜೋರಾಪುರ ಪೇಟೆಯ ನಮ್ಮ ಹೆಣ್ಣುಮಕ್ಕಳ ಸಾಲಿಗೆ ಇಟ್ಟಂಗಿಹಾಳದಿಂದ ಒಬ್ಬ ಹುಡುಗಿ ಬಂದಳು. ನಮ್ಮ ಓಣಿಯಲ್ಲೇ ಇದ್ದ ತನ್ನ ಚಿಗವ್ವನ ಮನೆಯಲ್ಲಿ ಉಳಿದು ಓದುತ್ತಿದ್ದಳು. ತುಟಿಯಿಂದ ಗದ್ದದವರೆಗೆ, ಮುಂಗೈಗಳ ಮೇಲೆ, ಬಿಳಿ ಮಚ್ಚೆ. ಚಿಗವ್ವ ದಿನಾ ಮುಂಜಾನೆ ಅವಕ್ಕೆ ಬಾವಂಚಿ ಎಣ್ಣೆ ತಿಕ್ಕಿ ಮಾಳಿಗೆಯ ಬಿಸಿಲಿಗೆ ಕೂಡಿಸುತ್ತಿದ್ದಳು. ಆಕೆಗಿಂತ ಮೊದಲು ವಾಸನೆ ಬರುತ್ತಿತ್ತು. ಹುಡುಗಿಯರು ಮೂಗು ಮುಚ್ಚಿಕೊಂಡು ಸರಿದು ಕೂಡುತ್ತಿದ್ದರು. ನನ್ನ ಬಾಜೂ ಮೊದಲೇ ಖಾಲಿ. ನಾನು ತೊದಲಿ, ಹೆಸರು ಹೇಳಲಿಕ್ಕೂ ಬೆವರುತ್ತಿದ್ದೆ. ಆಕೆ ಬಂದು ಅಲ್ಲಿ ಕೂತಳು.

ಒಂದು ರವಿವಾರ ಆಕೆ ನಮ್ಮ ಮನೆಗೆ ಬಂದಾಗ ನಾನು ಅವ್ವನ ಜೊತೆ ಬೀಸುಕಲ್ಲಿಗೆ ಕೈ ಹಚ್ಚಿ ಹಾಡುತ್ತಿದ್ದೆ. ಬೆರಗಾಗಿ ನೋಡಿದಳು.

"ಹಾಡುವಾಗ ನೀ ಎಲ್ಲೂ ತಡವರಿಸಂಗಿಲ್ಲಲ್ಲ ಬೇ! ಮಾತೂ ಹಂಗ ಆಡು."

ಆಮೇಲೆ ಅಕ್ಕೋರು ಪಾಠ ಒಪ್ಪಿಸಲು ನನ್ನನ್ನು ಎಬ್ಬಿಸಿದಾಗಲೆಲ್ಲ, ನೆಲಕ್ಕೆ ಕೂತ ಆಕೆ ನನ್ನ ಪಾದದ ಮೇಲೆ ಬೆರಳಿಂದ ಮೆಲ್ಲಗೆ ತಾಳ ಹಾಕುತ್ತಿದ್ದಳು. ಆ ತಾಳ ಹಿಡಿದು ಮಾತು ಹೊರಬೀಳುತ್ತಿತ್ತು.

ಬೇಸಿಗೆಯ ಒಂದು ದಿನ ಆಕೆ ಸಾಲಿಯ ಕೊಡದಿಂದ ನೀರು ತುಂಬಿಕೊಂಡಳು. ಅರಿವೆ ಅಂಗಡಿಯವರ ಮಗಳು ಆಕೆಯನ್ನು ನೂಕಿ ಕೆಡವಿ, ಕೊಡದ ನೀರನ್ನೆಲ್ಲ ಅಂಗಳಕ್ಕೆ ಚೆಲ್ಲಿದಳು.

"ಇಕಿ ಮುಟ್ಟಿದ ನೀರು ಕುಡದ್ರ ನಮಗೂ ಮಚ್ಚಿ ಹತ್ತತಾವು!"

ನಾನು ಬಾಯಿ ತೆರೆದೆ. "ಹೊ... ಹೊ..." ಎಲ್ಲರೂ ನಕ್ಕರು. ಬಿದ್ದಲ್ಲಿಂದಲೇ ಆಕೆ ನೆಲಕ್ಕೆ ಬೆರಳು ಬಡಿಯತೊಡಗಿದಳು.

"ಹೊಲಸಾಗಿದ್ದು ಕೊಡ ಅಲ್ಲ, ನಿಮ್ಮ ಬಾಯಿ!" ಅಂದೆ, ಒಂದೇ ಉಸಿರಿಗೆ.

ಅದಕ್ಕೆ ಬೆಲೆ ತೆತ್ತವಳು ಆಕೆ. ಮರುದಿನ ಅಂಗಡಿಯವರು ಸಾಲಿಗೆ ಬಂದು ಗದ್ದಲ ಮಾಡಿದರು. ದೊಡ್ಡ ಅಕ್ಕೋರು ಚಿಗವ್ವನನ್ನು ಕರೆಸಿ, "ಆರಾಮ ಆದ ಮ್ಯಾಲೆ ಕಳಸ್ರಿ" ಅಂದರು. ಲಗೂ ವಾಸಿಯಾಗಲೆಂದು ಚಿಗವ್ವ ಎಣ್ಣೆ ಹೆಚ್ಚು ಹಚ್ಚಿ, ಮಧ್ಯಾಹ್ನದ ಸುಡುಬಿಸಿಲಿಗೂ ಕೂಡಿಸಿದಳು. ಗದ್ದವೆಲ್ಲ ಗುಳ್ಳೆ ಎದ್ದು ಒಡೆಯಿತು. ಆಕೆಯ ಅಪ್ಪ ಚಕ್ಕಡಿ ಕಟ್ಟಿಕೊಂಡು ಬಂದು ಊರಿಗೆ ಕರೆದೊಯ್ದ. ನಾನು ಗಾಲಿಯ ಹಿಂದೆ ಓಡಿದೆ. ಏನೋ ಹೇಳುವುದಿತ್ತು... ಒಂದಕ್ಷರ ಹೊರಡಲಿಲ್ಲ. ಮುಖಕ್ಕೆ ಸುತ್ತಿದ ಅರಿವೆಯೊಳಗಿಂದ ಆಕೆಯೇ ಹೇಳಿದಳು:

"ತಿಳೀತು ಬೇ. ಮನಿಗೆ ಹೋಗು."

ಕೆಲವು ವರ್ಷಗಳ ನಂತರ ಇಟ್ಟಂಗಿಹಾಳಕ್ಕೆ ಮದುವೆಗೆ ಹೋದಾಗ ಮನೆ ಹುಡುಕಿದೆ. ಆಕೆಯ ಅವ್ವ ಜೋಳ ಹಸನು ಮಾಡುತ್ತ ಕೂತಿದ್ದಳು.

"ಮಚ್ಚಿ ಹುಡುಗಿನ್ನ ಯಾರ ಮಾಡ್ಕೋತಾರ ತಂಗೀ? ಎರಡನೇ ಸಂಬಂಧಕ್ಕ ಕೊಟ್ವಿ. ಚೊಚ್ಚಲ ಹೆರಿಗ್ಯಾಗ ಹೋದ್ಲು."

ಮೊರ ಕೆಳಗಿಡಲಿಲ್ಲ. ಕಣ್ಣೊರೆಸಿಕೊಂಡು ಮತ್ತೆ ಕೇರತೊಡಗಿದಳು.

ಮೊನ್ನೆ ಔಷಧಿ ಕೊಳ್ಳದೆಯೇ ಮನೆಗೆ ಬಂದೆ. ಮೊಮ್ಮಗಳು ಔಷಧಿ ಎಲ್ಲಿ ಎಂದು ಕೇಳಿದಾಗ ಆಕೆಯ ವಿಷಯ ಹೇಳಿದೆ. "ಫೋಟೋ ತೋರಸು" ಅಂದಳು. ನನ್ನ ಬಳಿ ಇಲ್ಲ. ಯಾರ ಬಳಿಯೂ ಇರಲಿಕ್ಕಿಲ್ಲ. ಅಂಥ ಮುಖದ ಹುಡುಗಿಯನ್ನು ಆಗ ಯಾರು ಫೋಟೋ ತೆಗೆಸಲು ಕರೆದೊಯ್ಯುತ್ತಿದ್ದರು...