ಸುನೀತಾ ಕಟ್ಟಿದ ಕೊಕ್ಕನೂರಿನ ಮೋಟಾರು

ಸುನೀತಾ ಮೋಟಾರು ಕಟ್ಟುವುದನ್ನು ಕಲಿತದ್ದು ಕಸದಿಂದ. ಇದನ್ನು ಅವಳೇ ಹೇಳಿಕೊಳ್ಳುತ್ತಾಳೆ. ಅದರಲ್ಲಿ ಅವಳಿಗೆ ನಾಚಿಕೆ ಏನೂ ಇಲ್ಲ.

ಭಾನುವಳ್ಳಿಯ ಕೂಲಿ ನಿಂಗಪ್ಪನ ಮಗಳು. ಪಿಯುಸಿ ಮುಗಿದ ಮೇಲೆ ಹರಿಹರದ ಕೊಟ್ಟೂರೇಶನ ರಿವೈಂಡಿಂಗ್ ಅಂಗಡಿಗೆ ಕೆಲಸಕ್ಕೆ ಸೇರಿದಳು. ಸುಟ್ಟ ಮೋಟಾರಿನ ಹಳೇ ತಂತಿ ಕಿತ್ತು ಹೊಸ ತಂತಿ ಸುತ್ತಿಕೊಡುವ ಅಂಗಡಿ ಅದು. ಹನ್ನೊಂದು ವರ್ಷ ತಂತಿ ಕಿತ್ತಳು, ಕಾಯಿಲ್ ಸುತ್ತಿದಳು, ಕಸ ಗುಡಿಸಿದಳು. ಆದರೆ ಯಾವ ಮೋಟಾರಿಗೆ ಎಷ್ಟು ಸುತ್ತು, ಯಾವ ತುದಿಗೆ ಯಾವ ತುದಿ ಸೇರಬೇಕು ಎಂಬುದರ ಬಗ್ಗೆ ಕೊಟ್ಟೂರೇಶ ಯಾವತ್ತೂ ಬಾಯಿ ಬಿಡಲಿಲ್ಲ. ಕನೆಕ್ಷನ್ ಕೊಡುವಾಗ ಬೆನ್ನು ತಿರುಗಿಸಿ ಕೂರುತ್ತಿದ್ದ. ಎಲ್ಲ ಬರೆದಿಟ್ಟ ಕೆಂಪು ರಟ್ಟಿನ ಪುಸ್ತಕ ಗಲ್ಲಾದೊಳಗೆ, ಗಲ್ಲಾದ ಬೀಗದ ಕೈ ಅವನ ಉಡಿದಾರದಲ್ಲಿ. ಅವನೊಬ್ಬನ ಚಾಳಿಯಲ್ಲ ಇದು. ಈ ಕಸುಬಿನ ಉಸ್ತಾದರೆಲ್ಲ ಹೀಗೇ. ಬೆರಳು ಕೆಲಸದವರದು ಸವೆಯಬೇಕು, ಗುಟ್ಟು ಮಾತ್ರ ಮಾಲೀಕನ ಸೊಂಟದಲ್ಲಿ ಇರಬೇಕು.

ಆದರೆ ಪುಸ್ತಕಕ್ಕೆ ಇಳಿಸುವ ಮುಂಚೆ ಅವನು ಕ್ಯಾಲೆಂಡರ್ ಹಾಳೆಯ ಹಿಂದೆ, ಬೀಡಿ ಕಟ್ಟಿನ ಕಾಗದದ ಮೇಲೆ ಗೀಚಿ, ಆಮೇಲೆ ಮುದುರಿ ಎಸೆಯುತ್ತಿದ್ದ. ಗುಡಿಸುವವಳು ಯಾರು? ಸುನೀತಾ. ಆ ಚೀಟಿಗಳನ್ನು ಊಟದ ಡಬ್ಬಿಯಲ್ಲಿಟ್ಟುಕೊಂಡು ಭಾನುವಳ್ಳಿ ಬಸ್ಸಿನಲ್ಲಿ ಬಿಡಿಸಿ ಓದುತ್ತಿದ್ದಳು. ಹನ್ನೊಂದು ವರ್ಷದ ಕಸ ಸಣ್ಣ ಕಾಲೇಜೇನಲ್ಲ.

ಕೆಲಸ ಬಿಡುತ್ತೇನೆಂದ ದಿನ ಕೊಟ್ಟೂರೇಶ ನಕ್ಕ. "ಪುಸ್ತಕ ಇಲ್ದೆ ಏನ್ ಕಟ್ತೀಯಮ್ಮ? ಮೂರು ತಿಂಗಳಿಗೆ ವಾಪಸ್ ಬಂದು ಪೊರಕೆ ಹಿಡೀತೀಯ ನೋಡು."

"ಪೊರಕೆ ನಿಮ್ಮತ್ರನೇ ಇರ್ಲಿ ಬಿಡ್ರಿ ಅಣ್ಣ. ನಾಳೆಯಿಂದ ನಿಮಗೇ ಬೇಕಾಗ್ತೈತೆ."

ದಾವಣಗೆರೆಯ ಆಜಾದ್ ನಗರದಲ್ಲಿ ಆಮ್ನಾಗೆ ಅಪ್ಪನ ಕಾಲದ ಪಂಪ್ ರಿಪೇರಿ ಅಂಗಡಿ ಇತ್ತು. ಗಿರಾಕಿ ಇದ್ದರು, ಕಟ್ಟುವ ಕೈ ಇರಲಿಲ್ಲ. ಇಬ್ಬರೂ ಪಾಲುದಾರರಾದರು. ಆಮ್ನಾ ಮೋಟಾರು ಬಿಚ್ಚುತ್ತಾಳೆ. ತಂತಿ ಕತ್ತರಿಸುವ ಮೊದಲು ನಾಲ್ಕೂ ಕಡೆಯಿಂದ ಫೋಟೋ ಹೊಡೆಯುತ್ತಾಳೆ, ಆಮೇಲೆ ಸುತ್ತು ಎಣಿಸಿ ಸ್ಲೇಟಿನ ಮೇಲೆ ಬರೆದು ಅದನ್ನೂ ಹೊಡೆಯುತ್ತಾಳೆ. ತಂತಿ ಕಿತ್ತ ಮೋಟಾರು ಲಗೇಜ್ ಆಟೋದಲ್ಲಿ ಹರಿಹರಕ್ಕೆ, ಸುನೀತಾ ಅಲ್ಲಿ ಹೊಸದಾಗಿ ಹಾಕಿದ ಅಂಗಡಿಗೆ ಹೊರಡುತ್ತದೆ. ಫೋಟೋ ಅದಕ್ಕಿಂತ ಮುಂಚೆ ತಲುಪಿರುತ್ತದೆ. ಫೋನಿನ ಪುಟ್ಟ ಪರದೆಯಲ್ಲಿ ತಂತಿಯ ತುದಿ ಹುಡುಕುವುದು ಆಗದ ಮಾತೆಂದು ಇಬ್ಬರೂ ಹಳೇ ಕಂಪ್ಯೂಟರ್ ಕೊಂಡಿದ್ದರು. ಆಮ್ನಾ ತೆರೆದ ಒಂದೇ ಕ್ಲೌಡ್ ಖಾತೆ, ಅದರಲ್ಲೊಂದು ಫೋಲ್ಡರ್. ದಾವಣಗೆರೆಯಲ್ಲಿ ಹಾಕಿದ್ದು ಹರಿಹರದಲ್ಲಿ ಬಂದು ಬೀಳುತ್ತಿತ್ತು. ಬೀಗವಿಲ್ಲ, ಉಡಿದಾರವಿಲ್ಲ. ಎರಡು ವರ್ಷಕ್ಕೆ ನಾನೂರು ಮೋಟಾರಿನ ಗುಟ್ಟು ಅದರಲ್ಲಿ ಬೆಳೆದು ನಿಂತಿತ್ತು.

ಕಳೆದ ದಸರಾಕ್ಕೆ ಕೊಕ್ಕನೂರಿನ ಕುಡಿಯುವ ನೀರಿನ ಮೋಟಾರು ಸುಟ್ಟಿತು. ಪಂಚಾಯ್ತಿ ಮೆಂಬರ್ ಕರಿಬಸವರಾಜ ಅದನ್ನು ಪ್ರತಿ ಸಲ ಕೊಟ್ಟೂರೇಶನಿಗೆ ಕೊಡುತ್ತಿದ್ದವನು, ಈ ಸಲ ಆಮ್ನಾಳ ಅಂಗಡಿಗೆ ತಂದಿಳಿಸಿದ.

"ನೋಡಕ್ಕ, ವಿಜಯದಶಮಿ ದಿನ ನಲ್ಲೀಲಿ ನೀರು ಬರ್ಬೇಕು. ಬಂದ್ರೆ ಪಂಚಾಯ್ತಿಯ ಏಳೂ ಮೋಟಾರು ನಿಮ್ಮವೇ. ಬರ್ಲಿಲ್ಲ ಅಂದ್ರೆ ಹೆಂಗಸ್ರು ಕೊಡ ತಗಂಡು ನನ್ನ ಮನೆ ಮುಂದೆ ಕೂಡ್ತಾರೆ. ನಾನು ಬಂದು ನಿಮ್ಮ ಅಂಗಡಿ ಮುಂದೆ ಕೂಡ್ತೀನಿ."

ಆಮ್ನಾ ಬಿಚ್ಚಿದಳು, ಫೋಟೋ ಹಾಕಿದಳು, ಮೋಟಾರು ಹರಿಹರಕ್ಕೆ ಕಳಿಸಿದಳು.

ಆಯುಧ ಪೂಜೆಯ ಹಿಂದಿನ ದಿನ ಸುನೀತಾ ಅಂಗಡಿ ತೊಳೆದಳು. ಇಕ್ಕಳ, ಸುತ್ತಿಗೆ, ಕಾಯಿಲ್ ಸುತ್ತುವ ಯಂತ್ರ ಎಲ್ಲವನ್ನೂ ಉಜ್ಜಿದಳು. ಕಂಪ್ಯೂಟರೂ ಆಯುಧವೇ ತಾನೇ? ಜಾಗ ತುಂಬಿದೆ ಎಂದು ಅದು ತಿಂಗಳಿಂದ ಗೊಣಗುತ್ತಿತ್ತು. ಹೇಗೂ ಆಮ್ನಕ್ಕನ ಕಂಪ್ಯೂಟರಿನಲ್ಲಿ ಎಲ್ಲ ಇವೆ, ಬೇಕಾದ್ದನ್ನು ಮತ್ತೆ ಕಳಿಸು ಎಂದರಾಯಿತು ಅಂದುಕೊಂಡು ಫೋಲ್ಡರಿನಲ್ಲಿದ್ದ ಅಷ್ಟೂ ಫೋಟೋ ಅಳಿಸಿದಳು. ಕಂಪ್ಯೂಟರಿನ ಕಸದ ಬುಟ್ಟಿಯನ್ನೂ ಖಾಲಿ ಮಾಡಿದಳು. ಅರ್ಧ ಗುಡಿಸಿ ಬಿಡುವವಳಲ್ಲ ಅವಳು.

ಮರುದಿನ ಬೆಳಿಗ್ಗೆ ಪೂಜೆ ಮುಗಿಸಿ, ಕುಂಬಳಕಾಯಿ ಒಡೆದು, ಫೋನ್ ಮಾಡಿದಳು.

"ಆಮ್ನಕ್ಕ, ಕೊಕ್ಕನೂರಿನ ಫೋಟೋ ಮತ್ತೊಂದ್ಸಾರಿ ಹಾಕು."

"ಅರೇ, ಫೋಲ್ಡರ್‌ನಾಗೇ ಐತಲ್ಲೇ."

"ನನ್ನ ಕಡೇದು ಅಳಿಸ್ದೆ. ಹಬ್ಬಕ್ಕೆ ಕ್ಲೀನ್ ಮಾಡ್ದೆ."

ಆ ಕಡೆ ಮೌಸಿನ ಟಿಕ್ ಟಿಕ್ ಕೇಳಿಸಿತು. "ಸುನೀತಾ, ಇಲ್ಲೂ ಏನೂ ಇಲ್ಲ."

"ಸರಿಯಾಗಿ ನೋಡಕ್ಕ."

"ಕಣ್ಣೈತೆ ನಂಗೆ! ಫೋಲ್ಡರ್ ಬೋಳಾಗೈತೆ. ನಿನ್ನ ಮನೆ ಗುಡಿಸಾಕೆ ಹೋಗಿ ನನ್ನ ಮನೇನೂ ಗುಡಿಸಿಬಿಟ್ಯಲ್ಲೇ!"

"ಫೋನಿನಾಗೆ?"

"ಕಂಪ್ಯೂಟರಿಗೆ ಹಾಕಿದ್ಮೇಲೆ ಫೋನಿಂದ ತೆಗೀತೀನಿ."

"ಸ್ಲೇಟು?"

"ಒರೆಸ್ದೆ."

"ಹಳೇ ತಂತಿ?"

"ಗುಜರಿಗೆ ಹೋತು. ನಿನ್ನ ಹಬ್ಬ ಅಂತ ನಾನೂ ಅಂಗಡಿ ಗುಡಿಸ್ದೆ!"

ಮೋಟಾರಿನ ಮೇಲಿನ ವಿವರದ ತಗಡು ಯಾವತ್ತೋ ಉದುರಿ ಹೋಗಿತ್ತು. ಅಂದಾಜಿನ ಮೇಲೆ ಕಟ್ಟಿದರೆ ಬೋರಿಗೆ ಇಳಿಸಿದ ಗಂಟೆಯೊಳಗೆ ಮತ್ತೆ ಸುಡುತ್ತದೆ. ಈ ಮೋಟಾರಿನ ಲೆಕ್ಕ ಭೂಮಿಯ ಮೇಲೆ ಇನ್ನೊಂದೇ ಕಡೆ ಇತ್ತು: ಕೆಂಪು ರಟ್ಟಿನ ಪುಸ್ತಕದಲ್ಲಿ.

ಆಮ್ನಾಳ ಒತ್ತಾಯಕ್ಕೆ ಸುನೀತಾ ಕೊಟ್ಟೂರೇಶನಿಗೂ ಫೋನ್ ಹಚ್ಚಿದಳು. ಅವನು ಪೂರ್ತಿ ಕೇಳಿಸಿಕೊಂಡ. "ಬಾರಮ್ಮ, ಪೊರಕೆ ಇಲ್ಲೇ ಐತೆ. ನಾಳೆಯಿಂದ ಕೆಲಸಕ್ಕೆ ಬರ್ತೀನಿ ಅನ್ನು, ಈಗ್ಲೇ ಪುಸ್ತಕ ತೆಗೀತೀನಿ."

ಅವಳು ಫೋನ್ ಕಟ್ ಮಾಡಿದಳು. ಅಳಲಿಲ್ಲ, ಯಾವ ದೇವರಿಗೂ ಹರಕೆ ಹೊರಲಿಲ್ಲ. ಆ ಪೊರಕೆಯ ಮಾತೇ ತಲೆಯೊಳಗೆ ಸುತ್ತಿತು. ಎಸೆದದ್ದು ಎಲ್ಲೋ ಒಂದು ಕಡೆ ಬಿದ್ದಿರಲೇಬೇಕು ಎನ್ನುವುದು ಅವಳ ಅನುಭವ. ತನ್ನ ಕಂಪ್ಯೂಟರಿನ ಬುಟ್ಟಿ ಖಾಲಿ, ಆಯಿತು. ಆದರೆ ಫೋಲ್ಡರ್ ಇದ್ದದ್ದು ಕ್ಲೌಡಿನಲ್ಲಿ, ಅದಕ್ಕೇ ಇಲ್ಲಿ ಅಳಿಸಿದ್ದು ಅಲ್ಲೂ ಅಳಿದಿತ್ತು. ಆ ಕ್ಲೌಡಿಗೂ ಒಂದು ಕಸದ ಬುಟ್ಟಿ ಇರಬೇಡವೇ? ಮತ್ತೆ ಆಮ್ನಾಗೆ ಫೋನ್ ಹಚ್ಚಿದಳು.

"ಆಮ್ನಕ್ಕ, ಖಾತೆಯ ಪಾಸ್‌ವರ್ಡ್ ಹೇಳು."

"ಯಾಕ? ಇನ್ನೇನು ಗುಡಿಸ್ತೀಯ?"

"ಹೇಳಕ್ಕ."

ಬ್ರೌಸರಿನಲ್ಲಿ ಖಾತೆ ತೆರೆದಳು. ಎಡಗಡೆ ಒಂದು ಕಸದ ಡಬ್ಬಿಯ ಚಿತ್ರ. ಒತ್ತಿದಳು. ಎಸೆದದ್ದು ಮೂವತ್ತು ದಿನ ಇಲ್ಲಿರುತ್ತದೆ ಎಂದು ಮೇಲೆ ಬರೆದಿತ್ತು. ಕೆಳಗೆ ನಾನೂರು ಮೋಟಾರಿನ ಅಷ್ಟೂ ಫೋಟೋ, ಒಂದೂ ಮುಕ್ಕಾಗದೆ. ಎಲ್ಲ ಆರಿಸಿ, ವಾಪಸ್ ಹಾಕುವ ಗುಂಡಿ ಒತ್ತಿದಳು.

ಫೋನಿನಲ್ಲಿ ಆಮ್ನಾ ಕಿರುಚಿದಳು. "ಬಂತು! ಒಂದೊಂದೇ ಬೀಳಾಕತ್ತೈತೆ ನೋಡೇ!"

ಸುನೀತಾ ಕೊಕ್ಕನೂರಿನ ಫೋಟೋ ದೊಡ್ಡದು ಮಾಡಿ ನೋಡಿದಳು, ನೋಡಿ ಜೋರಾಗಿ ನಕ್ಕಳು. ಅವಳು ಕೆಲಸ ಬಿಟ್ಟ ಮೇಲೆ ದಪ್ಪ ತಂತಿಯ ಬದಲು ಎರಡು ತೆಳು ತಂತಿ ಜೊತೆ ಮಾಡಿ ಸುತ್ತಿದ್ದ ಕೊಟ್ಟೂರೇಶ. ಅವನು ಬೆನ್ನು ತಿರುಗಿಸಿ ಕೊಡುತ್ತಿದ್ದ ಕನೆಕ್ಷನ್ನೂ ಈಗ ಅವಳ ಮುಂದೆ ಹಾಡುಹಗಲಿನಲ್ಲಿ ಬಿಚ್ಚಿಕೊಂಡಿತ್ತು. ಸಂಜೆಯೊಳಗೆ ಕಟ್ಟಿ ಮುಗಿಸಿ, ನೀರಿನ ತೊಟ್ಟಿಯಲ್ಲಿ ಓಡಿಸಿ ನೋಡಿದಳು.

ವಿಜಯದಶಮಿಯ ಬೆಳಿಗ್ಗೆ ಕೊಕ್ಕನೂರಿನಲ್ಲಿ ಮೋಟಾರು ಇಳಿಸಿ ಸ್ವಿಚ್ ಒತ್ತಿದಾಗ ಪೈಪು ಮೊದಲು ಕೆಸರು ಕೆಮ್ಮಿತು, ಆಮೇಲೆ ತೊಡೆಗಾತ್ರದ ನೀರು ಧುಮುಕಿತು. ಕೊಡ ಹಿಡಿದು ನಿಂತಿದ್ದ ದುರುಗಮ್ಮಜ್ಜಿ ಮೆಂಬರ್ ಕಡೆ ತಿರುಗಿದಳು. "ಕರಿಬಸವರಾಜ, ನಿನ್ನ ಮನೆ ಮುಂದೆ ಕೂಡಾಕೆ ಚಾಪೆ ಸುತ್ತಿಟ್ಟಿದ್ದೆ ಕಣೋ. ಈ ಹುಡುಗಿ ಎಲ್ಲ ಕೆಡಿಸಿಬಿಟ್ಟಳು!"

ಏಳೂ ಮೋಟಾರು ಅವರಿಗೇ ಬಂದವು.

ತಿಂಗಳ ಮೇಲೆ ಕೊಟ್ಟೂರೇಶನ ಫೋನ್ ಬಂತು. ಮೊದಲು ಒಂದಷ್ಟು ಕೆಮ್ಮಿದ. ಪುಸ್ತಕದಲ್ಲಿ ಇಲ್ಲದ ಮೋಟಾರೊಂದು ಬಂದಿದೆಯಂತೆ, ಅದರ ಫೋಟೋ ಅವಳ ಹತ್ತಿರ ಇದೆಯೇ ಎಂದು ಕೇಳಿದ. ಸುನೀತಾ ಲಿಂಕ್ ಕಳಿಸಿದಳು.

ಆಮ್ನಾ ಕೆಂಡವಾದಳು. "ಅವನಿಗೂ ಕೊಟ್ಯಾ?"

"ನೋಡಾಕಷ್ಟೇ ಬಿಟ್ಟೀನಿ ಅಕ್ಕ. ಅಳಿಸಾಕೆ ಅವನ ಕೈಲಿ ಆಗಲ್ಲ."

"ಅಳಿಸೋದು ಬರೋದು ನಮ್ಮಿಬ್ಬರಿಗೆ ಮಾತ್ರನಾ?"

"ಹ್ಞೂಂ."

"ಹಂಗಾದ್ರೆ ಬರೋ ದಸರಾಕ್ಕೆ ನಿನ್ನ ಕಂಪ್ಯೂಟರಿಗೆ ಕುಂಕುಮ ಹಚ್ಚಿ ಸುಮ್ನಿರು. ಗುಡಿಸಾದು ಬ್ಯಾಡ."